ಅಂಟದ ತುರಿಕೆ

ಮೊನ್ನೆ ಮೊಮ್ಮಗನ ಬೆವರುಸಾಲೆಗೆಂದು ಮೆಡಿಕಲ್ ಶಾಪಿನಿಂದ ಗುಲಾಬಿ ಬಣ್ಣದ ಕ್ಯಾಲಮೈನ್ ಲೋಷನ್ ತಂದೆ. ಮುಚ್ಚಳ ತೆಗೆದರೆ ಹೊಸ ಸುಣ್ಣದ ಗೋಡೆಗೆ ನೀರು ಚಿಮುಕಿಸಿದಂಥ ತಣ್ಣನೆಯ ವಾಸನೆ. ಮಗುವಿನ ಬೆನ್ನಿಗೆ ಹಚ್ಚುತ್ತಾ ಕೂತವಳಿಗೆ ಬ್ಯಾಟರಾಯನಪುರದ ಫೋಟೋ ಸ್ಟುಡಿಯೋ ನೆನಪಾಯಿತು. ಅಲ್ಲಿ ಕಾಲಿಟ್ಟರೆ ಇದೇ ವಾಸನೆ...

ಸ್ಟುಡಿಯೋ ಇಟ್ಟಿದ್ದವರು ಧಾರವಾಡದ ಕಡೆಯವರು. ನಾವೆಲ್ಲ ಫೋಟೋದಣ್ಣ ಅನ್ನುತ್ತಿದ್ದೆವು. ಎಂಬತ್ತರ ದಶಕದ ನಡುವೆ ಅವರ ಎರಡೂ ಕಿಡ್ನಿ ಕೆಟ್ಟವು. ಡಯಾಲಿಸಿಸ್ ಎಂಬ ಮಾತನ್ನು ನಮ್ಮ ಕಡೆಯವರು ಮೊದಲು ಕೇಳಿದ್ದೇ ಆಗ. ವಾರಕ್ಕೆರಡು ಸಲ ಬಸ್ಸು ಹತ್ತಿ ಸಿಟಿಯ ಆಸ್ಪತ್ರೆಗೆ ಹೋಗಿ, ಮಷಿನ್ನಿನಲ್ಲಿ ರಕ್ತ ತೊಳೆಸಿಕೊಂಡು ಬಂದು, ಮಾರನೆಯ ದಿನ ಅಂಗಡಿ ತೆಗೆಯುತ್ತಿದ್ದರು. ಸುಸ್ತೆಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ. ಅವರನ್ನು ಹೈರಾಣು ಮಾಡಿದ್ದು ತುರಿಕೆ. ಮೈಮೇಲೆ ಗುಳ್ಳೆಯಿಲ್ಲ, ಬೊಕ್ಕೆಯಿಲ್ಲ. ಚರ್ಮದ ಅಡಿಯಲ್ಲೆಲ್ಲೋ ಇರುವೆ ಸಾಲು ಹೊರಟಂತೆ ಆಗುತ್ತದಂತೆ. ಕೆರೆದು ರಕ್ತ ಬರುತ್ತದೆಂದು ಉಗುರನ್ನು ಬುಡಕ್ಕೆ ಕತ್ತರಿಸಿ, ಇದೇ ಗುಲಾಬಿ ಲೋಷನ್ ಬಳಿದುಕೊಂಡು, ಒದ್ದೆ ಬಟ್ಟೆ ಒತ್ತಿಕೊಳ್ಳುತ್ತಿದ್ದರು. ಬೆನ್ನಿಗೆ ಡಾರ್ಕ್ ರೂಮಿನ ಬಾಗಿಲ ಚೌಕಟ್ಟೇ ಗತಿ. "ನಮ್ಮೂರಾಗ ಎಮ್ಮಿ ಕಂಬಕ್ಕ ತಿಕ್ಕತಾವಲ್ಲ, ಹಂಗ" ಎಂದು ತಾವೇ ನಗುತ್ತಿದ್ದರು. ಫೋಟೋಗೆ ಹಚ್ಚುವ ದೊಡ್ಡ ದೀಪಗಳ ಕಾವಿಗೆ ಅದು ಇನ್ನಷ್ಟು ಕೆರಳುತ್ತಿತ್ತು. ಎದುರು ಕೂತವರಿಗೆ "ಅಳ್ಳಾಡಬ್ಯಾಡ್ರಿ" ಎನ್ನುವಾಗ ಅವರ ಮೈಯೆಲ್ಲ ಉರಿಯುತ್ತಿರುತ್ತಿತ್ತು.

ಆಗಿನ ಸ್ಟುಡಿಯೋಗಳಲ್ಲಿ ಬಂದವರಿಗೆಲ್ಲ ಒಂದೇ ಕೋಟು, ಒಂದೇ ಟೈ, ಕನ್ನಡಿಯ ಮುಂದೆ ಒಂದೇ ಬಾಚಣಿಗೆ. ನಮ್ಮ ಊರಿನ ಮದುವೆ ಗಂಡುಗಳೆಲ್ಲ ಆ ಒಂದು ಕೋಟಿನೊಳಗೆ ಹೊಕ್ಕು ಬಂದವರೇ. ಯಾರೋ "ಅವರಿಗೆ ಕಜ್ಜಿಯಂತೆ" ಅಂದರು. ಸಾಕಾಯಿತು. ಜನ ಮೊದಲು ಬಾಚಣಿಗೆ ಮನೆಯಿಂದ ತಂದರು, ಆಮೇಲೆ ಆರ್.ಟಿ. ನಗರದ ಸ್ಟುಡಿಯೋಗೆ ಹೋದರು. ಅಂಗಡಿ ಮುಚ್ಚಿದರೆ ಒಲೆಯೂ ನಿಲ್ಲುತ್ತಿತ್ತು, ಆಸ್ಪತ್ರೆಯೂ ನಿಲ್ಲುತ್ತಿತ್ತು.

ಅದೇ ಹೊತ್ತಿಗೆ ನಾನು ಬಿ.ಎ. ಪಾಸಾದೆ. ಅಪ್ಪ ಹೆಬ್ಬಾಳದ ಕಡೆ ದ್ರಾಕ್ಷಿ ತೋಟದಲ್ಲಿ ದುಡಿದವನು, ಅವ್ವ ಸೊಪ್ಪು ಮಾರಿದವಳು. ನಮ್ಮ ವಂಶದಲ್ಲಿ ಡಿಗ್ರಿ ಎಂದರೆ ನಾನೇ ಮೊದಲು. ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚವಿಲ್ಲ. ಕಪ್ಪು ಗೌನು ತೊಟ್ಟ ಫೋಟೋ ಗೋಡೆಗೆ ಬೇಕೇ ಬೇಕೆಂದು ಅವ್ವ ಹಟ ಹಿಡಿದಳು. ಆ ಗೌನೂ ಸ್ಟುಡಿಯೋದ್ದೇ.

ನಾನೂ ಅವ್ವನೂ ಹೋದಾಗ ಒಬ್ಬ ಮದುವೆ ಹುಡುಗನನ್ನು ಅವನ ಸೋದರಮಾವ ಕರೆತಂದಿದ್ದ. ಫೋಟೋದಣ್ಣ ಕೋಟು ಚಾಚಿದರೆ ಮಾವ ತಡೆದ.

"ಕೋಟು ಬೇಡ ಬಿಡ್ರೀ. ನಾಳೆ ಹಸೆಮಣೆ ಮೇಲೆ ನಮ್ಮ ಹುಡುಗ ಕೆರ್ಕೊಂಡು ಕೂತ್ರೆ ತಾಳಿ ಯಾರು ಕಟ್ತಾರೆ?"

ಫೋಟೋದಣ್ಣ ಕೋಟನ್ನು ಕುರ್ಚಿಗೆ ಹಾಕಿದರು. ಎಂಥ ಸೆಕೆಯಲ್ಲೂ ಬಿಚ್ಚದ ತುಂಬುತೋಳಿನ ಗುಂಡಿ ಬಿಚ್ಚಿ ಮೇಲಕ್ಕೆ ಮಡಚಿದರು. ಒಣಗಿ ಬೂದಿ ಬಣ್ಣಕ್ಕೆ ತಿರುಗಿದ ಚರ್ಮ, ಉದ್ದುದ್ದ ಗೀರು, ಮಣಿಕಟ್ಟಿನ ಮೇಲೆ ಹಗ್ಗದಂತೆ ಉಬ್ಬಿದ ನರ.

"ಖರೇ ಹೇಳ್ತೀನ್ರಿ ಯಜಮಾನ್ರ. ನನ್ನ ಕಿಡ್ನಿ ಕೆಟ್ಟಾವ. ರಕ್ತದಾಗಿನ ಹೊಲಸು ಪೂರ್ತಿ ಹೊರಗ ಹೋಗಂಗಿಲ್ಲ, ಅದಕ್ಕ ತುರಸ್ತೈತಿ. ಇದು ಯಾರಿಗೂ ಅಂಟಂಗಿಲ್ಲ. ಮಷಿನ್ನಿಗೆ ಹಚ್ಚಾಕ ಡಾಕ್ಟರು ಇಲ್ಲಿ ನರ ಕೂಡಿಸ್ಯಾರ. ಮುಟ್ಟಿ ನೋಡ್ರಿ."

ಮಾವ ಹಿಂದಕ್ಕೆ ಸರಿದ. ಚಾಚಿದ ಕೈ ಚಾಚಿದಂತೆಯೇ ಉಳಿಯಿತು. ಅವರು ಇಳಿಸಲಿಲ್ಲ. ಅವ್ವ ಎದ್ದು ಹೋಗಿ ಆ ನರದ ಮೇಲೆ ಅಂಗೈ ಇಟ್ಟಳು.

"ಅಯ್ಯೋ, ಒಳಗೆ ದುಂಬಿ ಸಿಕ್ಕಾಕ್ಕೊಂಡಂಗೆ ಗುಂಯ್ ಅಂತೈತಲ್ಲಪ್ಪ!"

"ಅದು ಗುಂಯ್ ಅನ್ನೂತನಕಾ ನಾ ಇರ್ತೀನವ್ವಾ" ಎಂದರು.

ಅವ್ವ ಕನ್ನಡಿಯ ಮುಂದಿನ ಬಾಚಣಿಗೆ ಎತ್ತಿಕೊಂಡು ತನ್ನ ತಲೆ ಬಾಚಿಕೊಂಡಳು. ಫೋಟೋ ಅವಳದ್ದಲ್ಲ. ಬಾಚಿ ಮುಗಿಸಿ ಹುಡುಗನ ಕಡೆ ತಿರುಗಿದಳು. "ಕೋಟು ಆಕ್ಕಳಪ್ಪ. ಬರೀ ಶರ್ಟಲ್ಲಿ ಕಂಡಕ್ಟರ್ ಇದ್ದಂಗಿದ್ದೀಯ." ಹುಡುಗ ನಕ್ಕು, ಮಾವನ ಮುಖ ನೋಡದೆ ತೊಟ್ಟುಕೊಂಡ.

ನನ್ನ ಸರದಿ ಬಂದಾಗ ದೀಪಗಳು ಕಾದಿದ್ದವು. ಕ್ಯಾಮೆರಾ ಹಿಂದೆ ಅವರು ಹಲ್ಲು ಕಚ್ಚಿ ನಿಂತದ್ದು ನನಗೆ ಕಾಣುತ್ತಿತ್ತು. ಅವ್ವನಿಗೂ ಕಂಡಿತು. "ಕೆರ್ಕೊಂಡು ಬಾರಪ್ಪ, ನಾವೇನ್ ಓಡೋಗಲ್ಲ" ಎಂದಳು. ಅವರು ನಾಚಿದರು, ನಕ್ಕರು, ಚೌಕಟ್ಟಿಗೆ ಬೆನ್ನು ತಿಕ್ಕಿಕೊಂಡು ಬಂದು ಫೋಟೋ ತೆಗೆದರು.

ಅವತ್ತಿನಿಂದ ಅವರು ಹೊಸಬರು ಬಂದರೆ ಕೋಟು ಕೊಡುವ ಮೊದಲು ತೋಳು ಮಡಚಿ ತೋರಿಸತೊಡಗಿದರು. ಅಷ್ಟು ಕಾಲ ಹೆಂಡತಿಗೂ ಸರಿಯಾಗಿ ತೋರಿಸದೆ ಮುಚ್ಚಿಟ್ಟ ಕೈ ಅದು. ಅಂಗಡಿ ಉಳಿಸಿಕೊಳ್ಳಲು ಅವರು ಸುಳ್ಳು ಹೇಳಬಹುದಿತ್ತು, ಅಲರ್ಜಿ ಅನ್ನಬಹುದಿತ್ತು. ಹೇಳಲಿಲ್ಲ. ನಾನು ಕಾಲೇಜಿನಲ್ಲಿ ಯಾರಿಂದಲೂ ಕಲಿಯದ ಧೈರ್ಯ ಅದು. ಕೆಲವರು ಎದ್ದು ಹೋದರು. ಹೆಚ್ಚಿನವರು ಮುಟ್ಟಿ ನೋಡಿ ಕೂತರು. ನಿಧಾನಕ್ಕೆ ಬೆಂಚು ತುಂಬಿತು.

ನನಗೆ ಕೆಲಸವಾಗಿ, ಮದುವೆಯಾಗಿ ಯಶವಂತಪುರಕ್ಕೆ ಹೋದೆ. ಫೋಟೋದಣ್ಣ ತೀರಿಕೊಂಡ ಸುದ್ದಿ ತಡವಾಗಿ ಬಂತು... ಮಾತಾಡಿಸಲು ಹೋದಾಗ ಅವರ ಹೆಂಡತಿ ಅಂಗಡಿ ಬಾಗಿಲಲ್ಲೇ ಕೂತಿದ್ದರು. "ಅವ್ರು ಹೋದ ಮರುದಿನ ಮುಂಜಾನಿ ಇಬ್ರು ಬಂದಿದ್ರವ್ವಾ, ಫೋಟೋ ತೆಗಸಾಕ. ಎಷ್ಟೊತ್ತಿಗೆ ಬರ್ತಾರ ಅಂತ ಕೇಳಿದ್ರು. ಕುಂದರ್ರಿ ಅಂದೆ."

ಈಗ ವಿದ್ಯಾರಣ್ಯಪುರದ ನಮ್ಮ ಬೀದಿಯ ಕೊನೆಗೇ ಡಯಾಲಿಸಿಸ್ ಕೇಂದ್ರವಿದೆ. ತುರಿಕೆಗೂ ಡಾಕ್ಟರು ಮದ್ದು ಬರೆಯುತ್ತಾರಂತೆ. ರಸ್ತೆ ಅಗಲವಾದಾಗ ಸ್ಟುಡಿಯೋ ಹೋಯಿತು, ಅವ್ವನೂ ಹೋದಳು. ಆ ಇಬ್ಬರು ಎಷ್ಟು ಹೊತ್ತು ಕಾದರು ಎಂದು ನಾನು ಅವತ್ತು ಫೋಟೋದಣ್ಣನ ಹೆಂಡತಿಯನ್ನು ಕೇಳಲಿಲ್ಲ.