ರೇಡಿಯೋ ಕಲಿಸಿದ ಇಂಗ್ಲಿಷ್

ನನಗೆ ಇಂಗ್ಲಿಷ್ ಬರುತ್ತದೆ ಎಂದು ಕಾಸರಕೋಡಿನ ನಮ್ಮ ಕೇರಿಯಲ್ಲಿ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ, ಅದೇ ನನ್ನ ಗ್ರಹಚಾರ. ಶಾಲೆಯಲ್ಲಿ ಕಲಿತದ್ದಲ್ಲ. ನನ್ನ ಶಾಲೆ ಏಳನೆಯ ಇಯತ್ತೆಗೇ ಮುಗಿದುಹೋಗಿತ್ತು. ಕಲಿತದ್ದು ಭಟ್ಕಳದ ಹತ್ತಿರದ ತವರೂರು ಬೆಳಕೆಯಲ್ಲಿ, ಅಪ್ಪನ ರೇಡಿಯೋದ ಕ್ರಿಕೆಟ್ ಕಾಮೆಂಟರಿಯಿಂದ.

ಅಪ್ಪ ದೋಣಿಯವನು. ಮಳೆಗಾಲದಲ್ಲಿ ದೋಣಿ ದಡ ಸೇರಿದ ಮೇಲೆ ಜಗಲಿಯ ತುಂಬ ಬಲೆ ಹರವಿಕೊಂಡು, ಹರಿದಲ್ಲೆಲ್ಲ ಹೆಣೆಯುತ್ತ ಕೂರುತ್ತಿದ್ದ. ನಮಗೆ ಮಳೆಗಾಲವಾದರೆ ಇಂಗ್ಲೆಂಡಿನಲ್ಲಿ ಬೇಸಿಗೆಯಂತೆ, ಅಲ್ಲಿ ಮ್ಯಾಚು ನಡೆಯುತ್ತಿತ್ತು. ಹಿಂದಿಯವನು ಸ್ವಲ್ಪ ಹೊತ್ತು, ಇಂಗ್ಲಿಷಿನವನು ಸ್ವಲ್ಪ ಹೊತ್ತು. ಭಟ್ಕಳದ ಪೇಟೆಯಲ್ಲಿ ಅಮ್ಮನ ಜೊತೆ ಮೀನು ಮಾರಲು ಕೂತು ಉರ್ದುವಿನಲ್ಲಿ ಚೌಕಾಸಿ ಮಾಡಿ ಬೆಳೆದವಳಿಗೆ ಹಿಂದಿ ಒಂದು ಲೆಕ್ಕವೇ ಅಲ್ಲ. ಹಿಂದಿಯವನು ಹೇಳಿದ್ದನ್ನು ತಲೆಯಲ್ಲಿಟ್ಟುಕೊಂಡು ಇಂಗ್ಲಿಷಿನವನ ಮಾತಿನ ಪಕ್ಕ ಇಟ್ಟು ನೋಡುತ್ತಿದ್ದೆ. ಹಾಗೆ ಒಂದೊಂದಾಗಿ ಅರ್ಥ ಸಿಕ್ಕಿತು. ಅಂಡರ್ ಪ್ರೆಶರ್. ಟೇಕ್ ಯುವರ್ ಟೈಮ್. ಹಾರ್ಡ್ ಲಕ್. ಟೂ ಲೇಟ್. ಚೆಂಡು ತಗುಲಿ ಆಟಗಾರ ಬಿದ್ದ ದಿನ ಇನ್ನೂ ಹೆಚ್ಚು ಸಿಗುತ್ತಿತ್ತು: ಹಿ ಈಸ್ ಡೌನ್, ಹಿ ಲುಕ್ಸ್ ಟೈರ್ಡ್, ಹಿ ಈಸ್ ಟ್ರೈಯಿಂಗ್ ಟು ಗೆಟ್ ಅಪ್.

ರೇಡಿಯೋ ಮಾತಾಡುವಾಗ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಅಮ್ಮ ಅನ್ನಕ್ಕಿಡುವುದೋ ಬೇಡವೋ ಎಂದು ಬಾಗಿಲಿಗೆ ಬಂದರೆ ಅಪ್ಪ ತಲೆ ಎತ್ತದೆ ಅಂಗೈ ಎತ್ತುತ್ತಿದ್ದ. ಓವರು ಮುಗಿಯುವವರೆಗೆ ಅಮ್ಮ ಅಲ್ಲೇ ನಿಲ್ಲಬೇಕು. ಒಂದು ಮಾತು ತಪ್ಪಿದರೆ ಮತ್ತೆ ಸಿಗುವುದಿಲ್ಲವಲ್ಲ. ನಾವು ಏನೇ ಕೂಗಿಕೊಂಡರೂ ಪೆಟ್ಟಿಗೆಯೊಳಗಿನವನಿಗೆ ಅದು ಮುಟ್ಟುವುದಿಲ್ಲ. ಇಂಗ್ಲಿಷ್ ಎಂದರೆ ದೂರದ ಒಬ್ಬ ಗಂಡಸು ಹೇಳುತ್ತ ಹೋಗುವುದು, ನಾವು ಬಾಯಿ ಮುಚ್ಚಿಕೊಂಡು ಹಿಡಿಯುವುದು. ಹೀಗೆಂದು ನನಗೆ ಯಾರೂ ಹೇಳಿಕೊಡಲಿಲ್ಲ, ಆದರೆ ಮೂಳೆಯೊಳಗೆ ಇಳಿದದ್ದು ಅದೇ.

ಮದುವೆಯಾಗಿ ಕಾಸರಕೋಡಿಗೆ ಬಂದೆ. ಗಂಡನೂ ಮೀನುಗಾರಿಕೆಯವನೇ. ನನ್ನ ಇಂಗ್ಲಿಷ್ ಅವನಿಗೆ ದೊಡ್ಡ ತಮಾಷೆ. ಸಾರಿಗೆ ಉಪ್ಪು ಕಮ್ಮಿಯಾದ ದಿನ "ಹಾರ್ಡ್ ಲಕ್" ಎನ್ನುವನು, ಬಸ್ಸು ತಪ್ಪಿದ ದಿನ "ಟೂ ಲೇಟ್" ಎನ್ನುವನು. "ನಿನ್ನ ಇಂಗ್ಲಿಷಿಗೆ ಆಡೂಕೆ ಮೈದಾನ ಬೇಕು ಮಾರಾಯ್ತಿ, ಅಡಿಗೆಮನೆ ಸಾಕಾಗೂದಿಲ್ಲ" ಎಂದು ನಗುವನು. ನನಗೆ ಸಿಟ್ಟು ಬರುತ್ತಿತ್ತು, ಬೇಗ ಇಳಿದೂ ಹೋಗುತ್ತಿತ್ತು. ಕೇರಿಯ ಟೀವಿಯಲ್ಲಿ ಮ್ಯಾಚು ಬಂದಾಗ ಮಾತ್ರ ಅವನು ಎಲ್ಲರೆದುರು ಎದೆಯುಬ್ಬಿಸಿ "ಅವ್ಳ ಹತ್ರ ಕೇಳಿ, ಎಂತ ಹೇಳ್ದ ಅಂತ ಹೇಳ್ತಾಳೆ" ಎನ್ನುತ್ತಿದ್ದ. ನಾನು ಹೇಳುತ್ತಿದ್ದೆ. ಒಂದೂ ತಪ್ಪುತ್ತಿರಲಿಲ್ಲ.

ಇಲ್ಲಿ ಮೀನು ಕಮ್ಮಿಯಾಗುತ್ತ ಬಂದ ಮೇಲೆ ಅವನು ಗಲ್ಫಿನ ಮೀನು ಬೋಟಿಗೆ ಹೋದ. ಮಗಳು ಕುಮಟೆಯಲ್ಲಿ ಕಾಲೇಜು, ಹೊಳನಗದ್ದೆಯ ನಾದಿನಿಯ ಮನೆಯಲ್ಲಿ ಇರುತ್ತಾಳೆ. ಮನೆಯಲ್ಲಿ ನಾನು, ಅತ್ತೆ.

ಹೋದ ವರ್ಷ ಒಂದು ಬೆಳಿಗ್ಗೆ, ದಡದಲ್ಲಿ ಒಣಮೀನು ತಿರುವಿ ಹಾಕುತ್ತಿದ್ದಾಗ ಫೋನು ಬಂತು. ಹೊರದೇಶದ ನಂಬರು. ಅವನೇ ಎಂದು ತೆಗೆದರೆ ಬೇರೆ ದನಿ, ಇಂಗ್ಲಿಷು. ಅವನ ಬೋಟಿನ ಆಫೀಸಿನ ಮನುಷ್ಯನಂತೆ. ನಿನ್ನ ಗಂಡ ಡೆಕ್ಕಿನ ಮೇಲೆ ಬಿದ್ದಿದ್ದಾನೆ, ತಲೆಗೆ ಪೆಟ್ಟಾಗಿದೆ, ಬೋಟು ಅವನನ್ನು ಇಳಿಸಿ ಮತ್ತೆ ಸಮುದ್ರಕ್ಕೆ ಹೋಗಿದೆ ಎಂದ. ನನ್ನ ಮುಖ ನೋಡಿಯೇ ಹೆಂಗಸರು ಬುಟ್ಟಿ ಬಿಟ್ಟು ಓಡಿ ಬಂದರು. ಅತ್ತೆಯನ್ನು ಯಾರೋ ಕೈಹಿಡಿದು ಕರೆತಂದರು. "ಸ್ಪೀಕರ್ ಹಾಕೆ" ಎಂದರು, ಹಾಕಿದೆ.

ಆಫೀಸಿನವನು ನಿಧಾನವಾಗಿ, ಸ್ಪಷ್ಟವಾಗಿ ಹೇಳುತ್ತ ಹೋದ. ಒಂದು ವಾಕ್ಯ ಮುಗಿದ ಕೂಡಲೇ ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಆಸ್ಪತ್ರೆಯಲ್ಲಿ ನನ್ನ ಗಂಡನ ಹಾಸಿಗೆಯ ಪಕ್ಕದಲ್ಲೇ ಇವನು ನಿಂತಿದ್ದಾನಂತೆ. ತಲೆಗೆ ಬಟ್ಟೆ ಕಟ್ಟಿದ್ದಾರಂತೆ. ಎಚ್ಚರ ಇದೆಯಂತೆ. ಸುಸ್ತಾದ ಹಾಗೆ ಕಾಣುತ್ತಾನಂತೆ. ಈಗ ಕಣ್ಣು ಬಿಟ್ಟು ಇವನ ಕಡೆ ನೋಡುತ್ತಿದ್ದಾನಂತೆ. ಕೈ ಎತ್ತಿದನಂತೆ. ಏನೋ ಹೇಳಲು ನೋಡುತ್ತಿದ್ದಾನಂತೆ.

ಅಷ್ಟು ಹೊತ್ತಿಗೆ ಅತ್ತೆ ನನ್ನ ಸೆರಗು ಜಗ್ಗಿದರು. "ಫೋನು ಅಂವನ ಕೈಲಿ ಕೊಡೂಕೆ ಹೇಳೆ. ಅಂವನ ಕೈಲಿ ಕೊಡೂಕೆ ಹೇಳು."

ನಾನು ಅಂಗೈ ಎತ್ತಿದೆ. ಮುಂದಿನ ಮಾತು ತಪ್ಪಿಹೋದೀತು ಎಂಬ ಭಯ. ಅತ್ತೆ ಸೆರಗು ಬಿಟ್ಟರು. ಡಾಕ್ಟರು ಸಂಜೆ ಮತ್ತೆ ನೋಡುತ್ತಾರೆ, ಸ್ಕ್ಯಾನ್ ಆಗಬೇಕು, ನಿನ್ನ ಗಂಡ ಗಟ್ಟಿ ಮನುಷ್ಯ ಎಂದೆಲ್ಲ ಹೇಳಿ ಆ ಆಫೀಸಿನವನು "ಥ್ಯಾಂಕ್ಯೂ ಮೇಡಮ್" ಎಂದ. ನಾನೂ "ಥ್ಯಾಂಕ್ಯೂ" ಎಂದೆ. ಫೋನು ಕಟ್ಟಾಯಿತು. ಅಷ್ಟು ಹೊತ್ತಿನಲ್ಲಿ ನಾನು ಅವನಿಗೆ ಹೇಳಿದ್ದು ಅದೊಂದೇ ಮಾತು.

"ಎಲ್ಲಾ ತಿಳೀತಲ್ಲೆ ನಿಂಗೆ!" ಎಂದು ಪಕ್ಕದ ಮನೆಯವಳು ಬೆನ್ನು ಸವರಿದಳು. ದೇವರಾಣೆಗೂ ಆ ಗಳಿಗೆಯಲ್ಲಿ ನನಗೆ ಸಮಾಧಾನವೇ ಆಗಿತ್ತು. ಎಚ್ಚರ ಇದೆ ಎಂದ ಮೇಲೆ ಇನ್ನೇನು, ನಾಳೆಯೋ ನಾಡಿದ್ದೋ ಅವನೇ ಫೋನು ಮಾಡುತ್ತಾನೆ ಎಂದುಕೊಂಡೆ.

ಮಧ್ಯಾಹ್ನದ ಬಸ್ಸಿಗೆ ಮಗಳು ಬಂದಳು. ನಡೆದದ್ದೆಲ್ಲ ಹೇಳಿದೆ. ಪೂರ್ತಿ ಕೇಳಿಕೊಂಡು, "ಅಪ್ಪ ಎಂತ ಮಾತಾಡ್ದ?" ಎಂದಳು.

"ಅಂವ ಮಾತಾಡ್ಲಿಲ್ಲ. ಅವರೇ ಹೇಳಿದ್ದು."

"ಪಕ್ಕದಲ್ಲೇ ನಿಂತಿದ್ದಾರೆ ಅಂದ್ರಲ್ಲ ಅಮ್ಮ? ಎಚ್ಚರ ಇತ್ತಲ್ಲ?"

ಆಗ ನನಗೆ ತಿಳಿಯಿತು. ಅಲ್ಲೇ ಹೊಸ್ತಿಲ ಮೇಲೆ ಕೂತೆ. ಮಗಳು ಅದೇ ನಂಬರಿಗೆ ಮಾಡಿದಳು. ಫೋನು ರಿಂಗಾಗುತ್ತಲೇ ಇತ್ತು. ಕತ್ತಲಾಗುವ ಹೊತ್ತಿಗೆ ಆಫೀಸಿನವನು ಎತ್ತಿದ. ಸ್ಕ್ಯಾನಿಗೆ ಒಯ್ಯುವಾಗಲೇ ಎಚ್ಚರ ತಪ್ಪಿತು, ಐಸಿಯು ಒಳಗೆ ಹಾಕಿದ್ದಾರೆ, ಯಾರನ್ನೂ ಬಿಡುವುದಿಲ್ಲ ಎಂದ. ಮಗಳು ತಡವರಿಸುತ್ತ, ವ್ಯಾಕರಣ ಗೀಕರಣ ಬಿಟ್ಟು ಅಂಗಲಾಚಿದಳು. "ಪ್ಲೀಸ್ ಸರ್, ಒನ್ಸ್ ಸರ್." ಅವನು ಒಳ್ಳೆಯ ಮನುಷ್ಯನೇ. ಬೆಳಿಗ್ಗೆ ಕೇಳಿದ್ದರೆ ಫೋನು ಅವನ ಕೈಗೆ ಕೊಡುತ್ತಿದ್ದೆನಲ್ಲ ಎಂದ. ಅದನ್ನು ಅವಳು ನನಗೆ ಹೇಳಬಾರದೆಂದುಕೊಂಡಿದ್ದಳು, ಆದರೆ ಸ್ಪೀಕರ್ ಹಾಕಿತ್ತು, ನನಗೆ ಅದೂ ಅರ್ಥವಾಯಿತು.

ಮರುದಿನ ನನ್ನ ಗಂಡ ತೀರಿಹೋದ.

ನನಗೆ ಆ ಇಂಗ್ಲಿಷಿನ ಮೇಲೆ ಕೊಳ್ಳಿ ಇಡುವಷ್ಟು ಸಿಟ್ಟಿದೆ. ಬಿದ್ದವನನ್ನು, ಏಳಲಾರದವನನ್ನು, ಸೋತವನನ್ನು ಹೇಗೆ ಬಣ್ಣಿಸಬೇಕೆಂದು ವರ್ಷಗಟ್ಟಲೆ ಕಲಿಸಿತು. ಅವನನ್ನು ನನಗೆ ಕೊಡಿ ಎನ್ನಲು ಕಲಿಸಲಿಲ್ಲ. ಕಾಮೆಂಟರಿ ಹೇಳುವವನು ಯಾರ ಹತ್ತಿರವೂ ಏನನ್ನೂ ಬೇಡುವುದಿಲ್ಲ. "ಗಿವ್ ಹಿಮ್ ಫೋನ್" ಎಂದಿದ್ದರೂ ಸಾಕಿತ್ತಂತೆ, ಮಗಳು ಹೇಳುತ್ತಾಳೆ. ಆ ಮೂರೂ ಶಬ್ದ ನನಗೆ ಬರುತ್ತಿದ್ದವು. ಏನೂ ಬಾರದೆ ಬರೀ ಕನ್ನಡದಲ್ಲಿ ಅತ್ತಿದ್ದರೂ ಆ ಮನುಷ್ಯ ಫೋನನ್ನು ಗಂಡನ ಕೈಗೆ ಇಡುತ್ತಿದ್ದನೋ ಏನೋ. ಬಾರದವಳಾಗಿದ್ದರೆ ಅಳುತ್ತಿದ್ದೆ. ಬರುತ್ತದಲ್ಲ, ಅದಕ್ಕೇ ಅರ್ಥ ಹೇಳುತ್ತ ನಿಂತೆ.

ಅತ್ತೆ ಒಂದು ದಿನವೂ ನನ್ನನ್ನು ದೂರಲಿಲ್ಲ. ದೂರಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವರು ಬೇರೆಯದನ್ನೇ ಮಾಡುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ನನ್ನ ಪಕ್ಕ ಕೂತು, "ಅಂವ ಹೇಗಿದ್ದ ಅಂದ್ರು, ಇನ್ನೊಂದ್ ಸಲ ಹೇಳು" ಎನ್ನುತ್ತಾರೆ. ಮಗನ ಕೊನೆಯ ಗಳಿಗೆಗಳೆಂದು ಅವರಿಗೆ ಉಳಿದಿರುವುದು ನನ್ನ ಬಾಯಲ್ಲಿ ಬಂದದ್ದು ಮಾತ್ರ. ನಾನು ಹೇಳುತ್ತೇನೆ. ತಲೆಗೆ ಬಟ್ಟೆ ಕಟ್ಟಿದ್ದರು, ಎಚ್ಚರ ಇತ್ತು, ಕಣ್ಣು ಬಿಟ್ಟ, ಕೈ ಎತ್ತಿದ, ಏನೋ ಹೇಳಲು ನೋಡುತ್ತಿದ್ದ. ಇಲ್ಲಿಗೆ ಬಂದಾಗ ಅವರು ನನ್ನ ಕೈ ಹಿಡಿದುಕೊಳ್ಳುತ್ತಾರೆ.

"ಎಂತ ಹೇಳೂಕೆ ನೋಡ್ತಿದ್ದ?"

ತಲೆಗೆ ಬಟ್ಟೆ ಕಟ್ಟಿದ್ದರು ಎಂದು ನಾನು ಮತ್ತೆ ಮೊದಲಿನಿಂದ ಶುರುಮಾಡುತ್ತೇನೆ. ನಾಳೆಯೂ ಅವರು ಕೇಳುತ್ತಾರೆ.