ನೀಲಕ್ಕನ ಕಂಪ್ಯೂಟರ್ ಸುಟ್ಟಿರಲಿಲ್ಲ

ನೀಲಕ್ಕಾರ, ನಿಮ್ಮ ಕಂಪ್ಯೂಟರ್ ಸುಟ್ಟಿರಲಿಲ್ಲ. ನಾನು ಸುಳ್ಳು ಹೇಳಿದೆ. ಯಾಕೆ ಎಂದರೆ — ಆರು ವರ್ಷದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ, ದಿನಕ್ಕೊಂದು ಉತ್ತರ ಬರುತ್ತದೆ.

ಶಿಗ್ಗಾವಿಯ ನನ್ನ ರಿಪೇರಿ ಅಂಗಡಿಗೆ ನೀವು ದುಂಡಸಿಯಿಂದ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬರುತ್ತಿದ್ದಿರಿ. ನಿಮ್ಮ ಅವ್ವ ನೆನಪಿನಿಂದ ಹೇಳಿದ ಕಸೂತಿ ಚಿತ್ತಾರಗಳನ್ನೆಲ್ಲ ಎಳೆ ಎಣಿಸಿ ಅದರೊಳಗೆ ಬಿಡಿಸಿಟ್ಟಿದ್ದಿರಿ. ಹಳೆಯ ಯಂತ್ರವೆಂದು ಅದಕ್ಕೆ ವಿಂಡೋಸ್ ಬದಲು ಹಗುರವಾದ ಲಿನಕ್ಸ್ ಹಾಕಿಕೊಟ್ಟವನು ನಾನೇ. ಪರದೆಯ ಮೇಲೆ ಚಿತ್ರ ಮೂಡಿಸುವ ಡ್ರೈವರ್ ಎಂಬ ತಂತ್ರಾಂಶ ಅದರ ಜೊತೆಗೇ ಬಂದಿತ್ತು — ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಮುಕ್ತ ಡ್ರೈವರ್. ಚೆನ್ನಾಗಿಯೇ ನಡೆಯುತ್ತಿತ್ತು. ಒಮ್ಮೆ ನೀವು ಧೂಳು ತೆಗೆಸಲು ತಂದಾಗ, ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡಂತೆ, ಇನ್ನಷ್ಟು ಚುರುಕಾಗಲೆಂದು ಅದನ್ನು ಕಿತ್ತು, ಚಿತ್ರದ ಕಾರ್ಡ್ ತಯಾರಿಸಿದ ಕಂಪನಿಯ ಡ್ರೈವರ್ ಹಾಕಿದೆ. ನಿಮ್ಮನ್ನು ಕೇಳಲಿಲ್ಲ. ಮುಂದಿನ ಅಪ್‌ಡೇಟ್ ಬಂದಿದ್ದೇ ತಡ, ಪರದೆ ಕಪ್ಪಾಯಿತು.

ನೀವು ಮತ್ತೆ ಹೊತ್ತು ತಂದಿರಿ. ನನಗೆ ದಾರಿ ತಿಳಿಯಲಿಲ್ಲ. ತಿಳಿಯದಿದ್ದಾಗ ಕಾರ್ಡ್ ಸುಟ್ಟಿದೆ ಎನ್ನುವುದು ನಮ್ಮ ಕಸುಬಿನ ರೂಢಿ, ಗಿರಾಕಿ ಮರುಮಾತಾಡುವುದಿಲ್ಲ. ನಿಮಗೂ ಅದನ್ನೇ ಹೇಳಿದೆ. ನೀವು ಕೇಳಿದಿರಿ.

“ಒಳಗಿನ ಚಿತ್ತಾರ ಆದ್ರೂ ಸಿಗತಾವೇನಪಾ?”

“ಅವೂ ಹೋದುವ್ರಿ, ಅಕ್ಕಾರ.”

ಉಳಿದಿವೆ ಎಂದಿದ್ದರೆ ಬೇರೆಯವರ ಹತ್ತಿರ ಒಯ್ಯುತ್ತಿದ್ದಿರಿ, ನನ್ನ ಎಡವಟ್ಟು ಬಯಲಾಗುತ್ತಿತ್ತು — ಅದಕ್ಕೇ ಹೇಳಿದೆನೇ? ಅಥವಾ ಬಾಯಿಗೆ ಬಂದದ್ದು ಬಂದುಬಿಟ್ಟಿತೇ? ನೀವು ಬೈದಿದ್ದರೆ ಬಹುಶಃ... ಬೈಯಲಿಲ್ಲ. “ಇರ್ಲಿ ಬಿಡು, ಅವ್ವ ಅದಾಳಲ್ಲ, ಮತ್ತ ಕೇಳಿ ಬರಕೋತೇನಿ,” ಎಂದು ಯಂತ್ರವನ್ನು ನನ್ನಲ್ಲೇ ಬಿಟ್ಟು ಹೋದಿರಿ.

ಮೂರು ವಾರದಲ್ಲಿ ದಾರಿ ಸಿಕ್ಕಿತು. ಕಂಪನಿಯದನ್ನು ತೆಗೆದು ಮೊದಲಿನ ಡ್ರೈವರನ್ನೇ ಮರಳಿ ಹಾಕಿದೆ, ಅಷ್ಟೇ. ಗೋಪುರ, ನವಿಲು, ತುಳಸಿಕಟ್ಟೆ — ಎಲ್ಲ ಬಂದವು. ಖುಷಿಯಾಯಿತು, ಹಿಂದೆಯೇ ನಾನು ಹೇಳಿದ ಸುಳ್ಳು ನೆನಪಾಯಿತು. ಅಂದೇ ಬಸ್ಸು ಹತ್ತಬೇಕಿತ್ತು. ನಾಳೆ ಎಂದೆ. ನಾಳೆ, ನಾಡಿದ್ದು ಎನ್ನುವುದರೊಳಗೆ ಅವ್ವ ತೀರಿಕೊಂಡ ಸುದ್ದಿ ಬಂತು.

ಮಣ್ಣಿಗೆ ಬಂದಿದ್ದೆ. ನನ್ನ ಕೈ ಹಿಡಿದು ಅಂದಿರಿ: “ಎಂಟು ಚಿತ್ತಾರ ಅಷ್ಟ ಹೇಳಿದ್ಲು ನೋಡಪಾ. ಉಳದದ್ದು ಆಕಿ ಸಂಗಾಟನ ಹೋತು.”

ನಾನು ತಲೆಯಾಡಿಸಿದೆ. ಯಂತ್ರ ಸರಿಯಾಗಿದ್ದೂ, ನನ್ನ ಅಂಗಡಿಯಲ್ಲೇ ಇದ್ದೂ — ತಲೆಯಾಡಿಸಿದೆ, ನೀಲಕ್ಕಾರ. ಇದು ಮಾತ್ರ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನಾಳೆ ಅದನ್ನು ಮಡಿಲಲ್ಲಿಟ್ಟುಕೊಂಡು ಬರುತ್ತೇನೆ. ಕ್ಷಮಿಸಿ ಎನ್ನಲು ನನಗೆ ಮುಖವಿಲ್ಲ. ಹಚ್ಚಿ ತೋರಿಸುತ್ತೇನೆ. ಅವ್ವನ ನಲವತ್ತೊಂದು ಚಿತ್ತಾರ ಇವೆ. ಒಂದೂ ಹೋಗಿಲ್ಲ.