ಕಾಪುವಿನಿಂದ ಮಣಿಪಾಲಕ್ಕೆ, ಗುಳ್ಳೆ ನೋಡಲು

ಕಾರ್ಕಳದಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟೆ. ಮರುದಿನ ಮಧ್ಯಾಹ್ನ ಮಂಗಳೂರಿನಿಂದ ತಮ್ಮ ದಿನೇಶನ ವಿಮಾನ. ಗಲ್ಫಿನಲ್ಲಿ ನೀರೊಳಗೆ ಮುಳುಗಿ ಹಡಗಿನ ತಳ ಉಜ್ಜುವ ಹೊಸ ಕೆಲಸ ಸಿಕ್ಕಿತ್ತು. ನಾಳೆ ಹೊರಡದಿದ್ದರೆ ವೀಸಾದ ಅವಧಿ ಮುಗಿಯುತ್ತದೆ. ಆ ಮಹಾರಾಯ ಮಾತ್ರ ಕಾಪುವಿನಲ್ಲಿ ಹಳೆಯ ಗೆಳೆಯರ ಜತೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕೆ ಇಳಿದಿದ್ದ. ಅವನನ್ನು ಹಿಡಿದು ಮನೆಗೆ ತರುವ ಕೆಲಸ ನನ್ನ ತಲೆಗೆ ಬಂತು.

ಉಡುಪಿಯಲ್ಲಿ ಬಸ್ಸು ಬದಲಿಸಿ ಕಾಪು ತಲುಪಿದಾಗ ಹತ್ತು ಗಂಟೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ದಿನೇಶ ಎರಡು ಸಲ ಮುಳುಗಿ ಎದ್ದು, ಒದ್ದೆ ತಲೆಯಲ್ಲೇ ಬನ್ಸ್ ತಿನ್ನುತ್ತಿದ್ದ.

"ಅಕ್ಕ, ಮಣಿಪಾಲಕ್ಕೆ ಹೋಗಲಿಕ್ಕುಂಟು. ಆಳದಿಂದ ಎದ್ದವರ ರಕ್ತದಲ್ಲಿ ಗಾಳಿಗುಳ್ಳೆ ಉಂಟಾ ಅಂತ ಡಾಕ್ಟರ್ ಸ್ಕ್ಯಾನ್ ಮಾಡಿ ನೋಡ್ತಾರೆ."

"ಇದ್ದರೆ?"

"ವಿಮಾನ ಮೇಲೆ ಹೋದ ಹಾಗೆ ಅವು ದೊಡ್ಡದಾಗ್ತವೆ." ಅಷ್ಟು ಹೇಳಿ ಎಡ ಮೊಣಕೈ ಉಜ್ಜಿಕೊಂಡ.

ಉಡುಪಿಗೆ ವಾಪಸು ಹದಿಮೂರು ಕಿಲೋಮೀಟರ್. ಅಷ್ಟರಲ್ಲಿ ಆರು ಸಲ ಉಜ್ಜಿದ. ಕೇಳಿದರೆ, "ಸಿಲಿಂಡರ್ ಎತ್ತಿದ್ದಲ್ವಾ" ಎಂದ. ಪಕ್ಕದ ಸೀಟಿನಲ್ಲಿ ಮಲ್ಲಿಗೆಯ ಕಟ್ಟು ಮಡಿಲಲ್ಲಿಟ್ಟುಕೊಂಡಿದ್ದ ಶಂಕರಪುರದ ಹೆಂಗಸಿಗೆ ನಮ್ಮ ಗುಳ್ಳೆಯ ಮಾತು ಅರ್ಧ ಕೇಳಿಸಿತ್ತು. "ಗುಳ್ಳ ನೋಡಲಿಕ್ಕೆ ಮಣಿಪಾಲಕ್ಕೆ ಯಾಕೆ ಮಾರಾಯ್ತಿ? ಇಲ್ಲೇ ಮಟ್ಟುವಿನಲ್ಲಿ ತಾಜಾ ಉಂಟಲ್ವಾ!" ಪಾಪ, ಮಟ್ಟು ಊರಿನ ಗುಳ್ಳ ಬದನೆಕಾಯಿ ಎಂದುಕೊಂಡಿದ್ದಳು. ಬೇರೆ ದಿನವಾಗಿದ್ದರೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆ.

ಮಣಿಪಾಲದ ಪುಟ್ಟ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಅವನ ಎದೆಗೆ ತಣ್ಣನೆಯ ಜೆಲ್ ಹಚ್ಚಿದರು. ಪರದೆಯಲ್ಲಿ ಹೃದಯ ಬಡಿಯುತ್ತಿತ್ತು. ಅದರೊಳಗೆ ಬಿಳಿ ಚುಕ್ಕೆ ಓಡಿದರೆ ಅದೇ ಗುಳ್ಳೆಯಂತೆ. ಕಾಲಿನ ರಕ್ತ ಮೇಲೆ ಬರಲೆಂದು ಬಸ್ಕಿ ಹೊಡೆಸಿ ಮತ್ತೆ ನೋಡಿದರು. ಇಪ್ಪತ್ತು ನಿಮಿಷ ಬಿಟ್ಟು ಇನ್ನೊಮ್ಮೆ, ಮಗದೊಮ್ಮೆ. ಒಂದೂ ಚುಕ್ಕೆ ಕಾಣಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು.

"ಆದರೆ ಇದೊಂದನ್ನೇ ನಂಬುವ ಹಾಗಿಲ್ಲ, ಕೀಲಿನಲ್ಲಿ ಕೂತ ಗುಳ್ಳೆ ಇದರಲ್ಲಿ ಕಾಣುವುದಿಲ್ಲ," ಎಂದರು ಅವರು. "ನೋವು, ಜುಮ್ಮು ಎಂತಾದರೂ ಉಂಟಾ?"

"ಎಂತದೂ ಇಲ್ಲ ಮೇಡಂ," ಎಂದ ದಿನೇಶ ನನ್ನ ಕಡೆ ನೋಡಿದ. ಹೇಳಬೇಡ ಎನ್ನುವ ನೋಟ. ಚಿಕ್ಕಂದಿನಿಂದ ಅವನ ಎಷ್ಟೋ ಸುಳ್ಳುಗಳನ್ನು ಮುಚ್ಚಿಟ್ಟವಳು ನಾನು. ಈ ಸಲ ಹೆದರಿಕೆಯಾಯಿತು. "ಅವನ ಮೊಣಕೈ ನೋಯ್ತಾ ಉಂಟು ಮೇಡಂ, ನೀರಿನಿಂದ ಬಂದಾಗಿನಿಂದ" ಎಂದುಬಿಟ್ಟೆ.

ಡಾಕ್ಟರಮ್ಮ ಬೈಯಲಿಲ್ಲ. ಆಕ್ಸಿಜನ್ ಮಾಸ್ಕ್ ಹಾಕಿ, "ಭಾರ ಎತ್ತಿದ ನೋವು ಇದಕ್ಕೆಲ್ಲ ಜಗ್ಗುವುದಿಲ್ಲ. ಕಮ್ಮಿ ಆದರೆ ಗುಳ್ಳೆಯದೇ ಅಂತ ಲೆಕ್ಕ, ವಿಮಾನ ಬಿಟ್ಟು ಚಿಕಿತ್ಸೆಗೆ ಹೋಗಬೇಕು" ಎಂದರು. ದಿನೇಶ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ. ತಮ್ಮನ ನೋವು ಕಡಿಮೆಯಾಗದಿರಲಿ ಎಂದು ದೇವರಲ್ಲಿ ಬೇಡಿಕೊಂಡು ಕೂತೆ.

ಅರ್ಧ ಗಂಟೆಯಾಗಿರಬೇಕು. ಅವನು ಇತ್ತ ಹೊರಳಿ ಮಾಸ್ಕ್ ಸರಿಸಿದ. ಎಡಗೈಯನ್ನು ಪೂರ್ತಿ ಚಾಚಿದ, ಮಡಚಿದ, ಮತ್ತೆ ಚಾಚಿದ.

"ಅಕ್ಕ, ನೋವಿಲ್ಲ," ಎಂದವನೇ ಗಳಗಳ ಅಳತೊಡಗಿದ.